ಹಿತ್ತಲ ಸೊಪ್ಪು, ಕೋಳಿಯ ಫೀಡು, ರೈತನ ಲೆಕ್ಕ

(ಶಿಕಾರಿಪುರ – ಸೊರಬ ಭಾಗದ ಕೋಳಿ ಸಾಕುವ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಈಗ ಊರೂರಿಗೆ ಒಂದು ಮಾತು ಹಬ್ಬಿದೆ. ಬ್ರಾಯ್ಲರ್ ಕೋಳಿಯ ಫೀಡಿಗೆ ನುಗ್ಗೆ ಸೊಪ್ಪಿನ ಪುಡಿ ಹಾಕಿದರೆ ಕೋಳಿ ಬೇಗ ತೂಕಕ್ಕೆ ಬರುತ್ತದೆ, ತುಳಸಿ ಹಾಕಿದರೆ ಕೆಮ್ಮು ಬರುವುದಿಲ್ಲ, ಬೇವು ಹಾಕಿದರೆ ಔಷಧಿಯೇ ಬೇಡ ಅಂತ. ಅದೇ ಸೊಪ್ಪಿನ ರಸವನ್ನು ಬಾಟಲಿಗೆ ತುಂಬಿ, ಮೇಲೊಂದು ಹುಂಜದ ಚಿತ್ರ ಅಂಟಿಸಿ, ಲೀಟರಿಗೆ ನೂರಾರು ರೂಪಾಯಿಗೆ ನಮಗೇ ಮಾರುವವರೂ ಬಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಈಗ ಹಿತ್ತಲ ಗಿಡ ಬಾಟಲಿಗೆ ಹೋದ ಮೇಲೆ ಮದ್ದಾಗಿದೆ!

ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು, ನಿಜವಾದ ಪಾಲಿನಿಂದ ನಿಮ್ಮ ಜೇಬಿಗೆ ಬೀಳುವುದೆಷ್ಟು, ಇಷ್ಟನ್ನೇ ನಾನು ಹೇಳುವವನು. ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ, ಹೈಸ್ಕೂಲು ಓದಿದ ರೈತ. ಆದರೆ ಕೂಡಿ ಕಳೆಯುವ ಲೆಕ್ಕ ಬರುತ್ತದೆ. ಆ ಲೆಕ್ಕ ಬಾರದವರಂತೆ ನಾವು ಇದ್ದದ್ದಕ್ಕೇ ಸಾಲ ನಮ್ಮ ಮನೆ ಬಾಗಿಲಿಗೆ ಬಂದು ಕೂತಿರುವುದು.

ಖರ್ಚು ಇರುವುದು ಫೀಡಿನಲ್ಲಿ

ಕೋಳಿ ಸಾಕುವುದರಲ್ಲಿ ನೂರು ರೂಪಾಯಿ ಖರ್ಚಾದರೆ ಅದರಲ್ಲಿ ಅರವತ್ತೈದು, ಎಪ್ಪತ್ತು ರೂಪಾಯಿ ಫೀಡಿಗೇ ಹೋಗುತ್ತದೆ. ಫೀಡು ಅಂದರೆ ಮುಖ್ಯವಾಗಿ ಎರಡು: ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. 2021ರಲ್ಲಿ ಸೋಯಾ ಹಿಂಡಿಯ ದರ ಆಕಾಶಕ್ಕೆ ಏರಿ, ಕೇಂದ್ರ ಸರ್ಕಾರ ಆ ವರ್ಷದ ಆಗಸ್ಟಿನಲ್ಲಿ 12 ಲಕ್ಷ ಟನ್ ಹಿಂಡಿಯನ್ನು ಹೊರದೇಶದಿಂದ ತರಲು ಒಪ್ಪಿಗೆ ಕೊಡಬೇಕಾಯಿತು. ಹಿಂಡಿಯ ದರ ಏರಿದಷ್ಟು ಕೋಳಿಯ ದರ ಏರಿತೇ? ಯಾರ ಕೋಳಿ ಎಷ್ಟಕ್ಕೆ ಹೋಯಿತು ಅನ್ನುವುದು ನಿಮಗೇ ಗೊತ್ತು.

ನಮ್ಮ ಎರಡು ತಾಲ್ಲೂಕುಗಳ ತಮಾಷೆ ನೋಡ್ರಿ. ಮೆಕ್ಕೆಜೋಳ ಬೆಳೆಯುವವರೂ ನಾವೇ, ಅದನ್ನು ಫೀಡು ಅಂತ ಕೊಂಡುಕೊಳ್ಳುವವರೂ ನಾವೇ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಎಂದು ಕಾಗದದಲ್ಲಿ ಬರೆಯಿತು. ಸುಗ್ಗಿಯಲ್ಲಿ ನಾವು ಕೊಟ್ಟ ದರ ಯಾವುದು, ಅದೇ ಕಾಳು ಪುಡಿಯಾಗಿ ಚೀಲದಲ್ಲಿ ವಾಪಸು ಬಂದ ದರ ಯಾವುದು? ನಡುವಿನ ದುಡ್ಡು ಯಾರ ಹೊಟ್ಟೆಗೆ ಹೋಯಿತು? ಕೋಳಿಯ ಹೊಟ್ಟೆಗಂತೂ ಹೋಗಿಲ್ಲ.

ಆದ್ದರಿಂದ ಫೀಡಿನ ಖರ್ಚು ಒಂದು ಬೊಗಸೆ ಇಳಿಸುವ ದಾರಿ ಇದ್ದರೂ ಅದನ್ನು ಕೇಳಿಸಿಕೊಳ್ಳಬೇಕು. ಸೊಪ್ಪಿನ ಮಾತನ್ನು ನಾನು ಎತ್ತಿಕೊಂಡಿರುವುದು ಇದಕ್ಕೇ.

ಔಷಧಿ ಹಾಕಿ ಬೆಳೆಸಿದ ಕಥೆ

1940ರ ದಶಕದ ಕೊನೆಗೆ ಅಮೆರಿಕದವರು ಒಂದು ವಿಷಯ ಕಂಡುಕೊಂಡರು. ಕೋಳಿಯ ಆಹಾರದಲ್ಲಿ ಆಂಟಿಬಯೋಟಿಕ್ ಔಷಧಿಯನ್ನು ಚಿಟಿಕೆಯಷ್ಟು ದಿನಾ ಹಾಕಿದರೆ, ರೋಗ ಇಲ್ಲದಿದ್ದರೂ ಕೋಳಿ ಬೇಗ ಬೆಳೆಯುತ್ತದೆ ಅಂತ. ಅಲ್ಲಿಂದ ಜಗತ್ತಿನ ಫೀಡಿಗೆಲ್ಲ ಅದು ಸೇರಿತು. ರೋಗಕ್ಕೆ ಕೊಡುವ ಮದ್ದು ದಿನದ ಊಟವಾಯಿತು.

ಇದರ ಕೇಡು ಆಮೇಲೆ ಗೊತ್ತಾಯಿತು. ದಿನಾ ಚೂರು ಚೂರು ಮದ್ದು ಕುಡಿದ ಕ್ರಿಮಿಗಳು ಅದಕ್ಕೆ ಒಗ್ಗಿಕೊಂಡವು. ಮನೆಗೆ ದಿನಾ ಬರುವ ಸಾಲಗಾರನಿಗೆ ನಾಯಿ ಬೊಗಳುವುದು ಬಿಟ್ಟ ಹಾಗೆ! ಹೀಗೆ ಒಗ್ಗಿಕೊಂಡ ಕ್ರಿಮಿ ಮನುಷ್ಯನ ಮೈಗೆ ಸೇರಿದರೆ, ಅದೇ ಜಾತಿಯ ಔಷಧಿ ಅವನಿಗೆ ಹಿಡಿಯುವುದಿಲ್ಲ. ಸ್ವೀಡನ್ ದೇಶ 1986ರಲ್ಲೇ ಬೆಳವಣಿಗೆಗೆಂದು ಆಂಟಿಬಯೋಟಿಕ್ ಹಾಕುವುದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಪೂರಾ ನಿಲ್ಲಿಸಿತು. ನಮ್ಮಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2014ರಲ್ಲಿ ದೆಹಲಿ ಸುತ್ತಿನ 70 ಕೋಳಿ ಮಾದರಿ ಪರೀಕ್ಷೆ ಮಾಡಿದಾಗ ನೂರಕ್ಕೆ 40ರಲ್ಲಿ ಔಷಧಿಯ ಅಂಶ ಸಿಕ್ಕಿತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ದನಗಳ ಬಳಕೆಗೆ ನಿಷೇಧ ಮಾಡಿತು. ಬೇರೆ ಯಾವುದೂ ಹಿಡಿಯದಾಗ ಆಸ್ಪತ್ರೆಯಲ್ಲಿ ಮನುಷ್ಯನಿಗೆ ಕೊಡುವ ಕಡೆಯ ಮದ್ದು ಅದು. ಅದನ್ನು ಕೋಳಿ ದಪ್ಪ ಮಾಡಲು ಸುರಿಯುತ್ತಿದ್ದರು.

ಔಷಧಿಗೆ ಕಟ್ಟು ಬಿದ್ದ ಮೇಲೆ, ಅದರ ಜಾಗಕ್ಕೆ ಏನು ಹಾಕುವುದು ಅಂತ ಹುಡುಕಿದರು. ಆಗ ಕಣ್ಣಿಗೆ ಬಿದ್ದದ್ದು ಸೊಪ್ಪು, ಬೇರು, ಸಾಂಬಾರ ಪದಾರ್ಥ.

ಸೊಪ್ಪು ಏನು ಮಾಡುತ್ತದೆ

ಸೊಪ್ಪು ನಮಗೆ ಹೊಸದೇನಲ್ಲ. ಸೊರಬದ ಕಡೆಯವರಿಗೆ ಸೊಪ್ಪಿನಬೆಟ್ಟ ಅಂದರೆ ತೋಟದ ಜೀವ. ಆದರೆ ತೋಟಕ್ಕೆ ಹಾಕುವುದು ಬೇರೆ, ಕೋಳಿಯ ಹೊಟ್ಟೆಗೆ ಹಾಕುವುದು ಬೇರೆ.

ಯಾವ ಎಲೆಗಾದರೂ ತನ್ನದೇ ಆದ ಕಹಿ, ಒಗರು, ಘಾಟು ಇರುತ್ತದಲ್ಲ, ಅದು ಗಿಡ ತನ್ನನ್ನು ಹುಳ, ಬೂಷ್ಟುಗಳಿಂದ ಕಾಪಾಡಿಕೊಳ್ಳಲು ಮಾಡಿಕೊಂಡ ಪದಾರ್ಥ. ಅದು ಸ್ವಲ್ಪವಾಗಿ ಕೋಳಿಯ ಕರುಳಿಗೆ ಹೋದರೆ ಅಲ್ಲಿನ ಕೆಟ್ಟ ಕ್ರಿಮಿಗಳ ಸಂತಾನ ತಗ್ಗುತ್ತದೆ, ಜೀರ್ಣರಸ ಚುರುಕಾಗುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ. ದೊಡ್ಡಪತ್ರೆಯ ಘಾಟು ಮತ್ತು ಓಂ ಕಾಳಿನ ಘಾಟು ಹತ್ತಿರದ ಸಂಬಂಧಿಗಳು. ಯುರೋಪಿನವರು ತಮ್ಮ ದೇಶದ ಒಂದು ಗಿಡದ ಎಣ್ಣೆಯನ್ನು ಕೋಳಿ ಫೀಡಿಗೆ ಬೆರೆಸುತ್ತಾರೆ. ಅದರಲ್ಲಿರುವುದೂ ಇದೇ ಜಾತಿಯ ಘಾಟು.

ಈಗ ಇನ್ನೊಂದು ಮಗ್ಗುಲು. ಕೋಳಿಗೆ ದನದ ಹಾಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ. ಎಲೆಯ ನಾರನ್ನು ಅದು ಅರಗಿಸಲಾರದು. ಬ್ರಾಯ್ಲರ್ ಮರಿ ಆರು ವಾರದೊಳಗೆ ಎರಡು ಕಿಲೋ ಆಗಬೇಕಾದ ಪ್ರಾಣಿ. ಅದಕ್ಕೆ ಗಟ್ಟಿ ಆಹಾರ ಬೇಕು. ನೀವು ಜೋಳ ತೆಗೆದು ಸೊಪ್ಪು ತುಂಬಿದರೆ ಚೀಲ ತುಂಬುತ್ತದೆ, ಕೋಳಿ ತುಂಬುವುದಿಲ್ಲ. ನುಗ್ಗೆ ಒಣ ಎಲೆಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಸಸಾರಜನಕ ಇದೆ ಅನ್ನುವುದು ನಿಜ. ಹಂಗಂತ ಸೋಯಾ ಹಿಂಡಿಯ ಬದಲು ನುಗ್ಗೆ ಅಂತ ಹೊರಟರೆ ಬ್ಯಾಚು ಮಲಗುತ್ತದೆ. ಅನೇಕ ಪ್ರಯೋಗಗಳ ಸಾರ ಇಷ್ಟೇ: ಚಿಟಿಕೆಯಷ್ಟು ಹಾಕಿದಾಗ ಕೆಲವು ಕಡೆ ಲಾಭ ಕಂಡಿದೆ, ಕೆಲವು ಕಡೆ ಏನೂ ವ್ಯತ್ಯಾಸ ಕಂಡಿಲ್ಲ. ನೂರಕ್ಕೆ ಐದಕ್ಕಿಂತ ಮೇಲೆ ಹೋದರೆ ತೂಕ ಇಳಿಯುವುದೇ ಹೆಚ್ಚು. ಅತಿಯಾದರೆ ಅಮೃತವೂ ವಿಷ.

ಯಾವ ಸೊಪ್ಪು ಬೇಕು, ಯಾವುದು ಬೇಡ

ನುಗ್ಗೆ, ತುಳಸಿ, ದೊಡ್ಡಪತ್ರೆ, ಕರಿಬೇವು: ಇವು ಮನುಷ್ಯರೂ ತಿನ್ನುವ ಸೊಪ್ಪು. ಸಣ್ಣ ಪ್ರಮಾಣಕ್ಕೆ ಭಯವಿಲ್ಲ.

ನೆಲನೆಲ್ಲಿ, ನೆಲಬೇವು: ಯಕೃತ್ತಿನ ಟಾನಿಕ್ಕು ಅಂತ ಅಂಗಡಿಯಲ್ಲಿ ನೀವು ಕೊಳ್ಳುವ ಎಷ್ಟೋ ಬಾಟಲಿಗಳ ಒಳಗಿರುವುದು ಇವೇ. ಮಳೆಗಾಲದ ಕೊನೆಗೆ ನಿಮ್ಮ ಹೊಲದ ಬದುವಿನಲ್ಲೇ ನೆಲನೆಲ್ಲಿ ಕಳೆಯಾಗಿ ಬೆಳೆದಿರುತ್ತದೆ. ನೆಲಬೇವು ಬಲು ಕಹಿ. ಕೈ ಬಿಗಿ ಹಿಡಿದು ಹಾಕಬೇಕು.

ಬೇವು: ಇದರಲ್ಲಿ ಗುಣವೂ ಇದೆ, ಕಹಿಯೂ ಇದೆ. ಕಹಿ ಹೆಚ್ಚಾದರೆ ಕೋಳಿ ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ತಿನ್ನದ ಬ್ರಾಯ್ಲರ್ ನಷ್ಟದ ಬ್ರಾಯ್ಲರ್.

ಇನ್ನು ಹಾಕಲೇಬಾರದ್ದು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷ ಇದೆ. ಆಡು, ದನ ಮಿತವಾಗಿ ತಿಂದು ತಡೆದುಕೊಳ್ಳುತ್ತವೆ, ಏಕೆಂದರೆ ಅವುಗಳ ಮೆಲುಕಿನ ಹೊಟ್ಟೆಯಲ್ಲಿ ಅದನ್ನು ಮುರಿಯುವ ಜೀವಾಣುಗಳಿರುತ್ತವೆ. ಕೋಳಿಗೆ ಆ ಹೊಟ್ಟೆಯಿಲ್ಲ. ಗೊಬ್ಬರಕ್ಕೆಂದು ಬದುವಿಗೆ ನೆಟ್ಟ ಗ್ಲಿರಿಸಿಡಿಯಾ ಭೂಮಿಗೆ ಒಳ್ಳೆಯದು, ಕೋಳಿಗೆ ಅಲ್ಲ. ಆ ಗಿಡದ ಶಾಸ್ತ್ರೀಯ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಹರಳು, ಲಂಟಾನ, ಕಾಂಗ್ರೆಸ್ ಗಿಡ ಇವುಗಳ ಹತ್ತಿರವೂ ಹೋಗಬೇಡಿ. ಶುಂಠಿ ಗದ್ದೆಗೋ ಅಡಿಕೆಗೋ ಔಷಧಿ ಹೊಡೆದ ಕಡೆ ಪಕ್ಕದಲ್ಲಿರುವ ಯಾವ ಸೊಪ್ಪೂ ಬೇಡ. ವಿಷ ಬಿಡಿಸಲು ಹೋಗಿ ಇನ್ನೊಂದು ವಿಷ ತಿನ್ನಿಸಿದಂತೆ ಆದೀತು.

ಸೊರಬದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸೊಪ್ಪಿಗಾಗಿ ಕಾನಿಗೆ ಹೋಗಬೇಡಿ. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇರುವ ಹೆಸರು ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಅದು ಮೊದಲು ಕಂಡದ್ದು ಅಲ್ಲಿ. ಉಣುಗು ಕಚ್ಚಿ ಹರಡುವ ಈ ಜ್ವರ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೊಪ್ಪು ಒಣಗಿಸಲು ಬಿಸಿಲು ಸಿಗುವುದೂ ಅದೇ ತಿಂಗಳುಗಳಲ್ಲಿ! ಕೋಳಿ ಉಳಿಸಲು ಹೋಗಿ ಮನೆಯ ಆಳನ್ನು ಕಳೆದುಕೊಳ್ಳುವುದು ಯಾವ ಲೆಕ್ಕ? ಬೇಕಾದ ಗಿಡವನ್ನು ಸ್ವಂತ ಬದುವಿನ ಮೇಲೆ ಬೆಳೆಸಿಕೊಳ್ಳಿ. ನುಗ್ಗೆ ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆತು ಸಾಯುತ್ತದೆ, ಎತ್ತರದ ಜಾಗ ನೋಡಿ ಹಾಕಿ.

ಪುಡಿ ಮಾಡುವ ಕ್ರಮ

ಬಲಿತ ಕಡ್ಡಿ ಬಿಟ್ಟು ಎಲೆ ಮಾತ್ರ ಬಿಡಿಸಿ. ತೊಳೆದು, ನೀರು ಬಸಿದು, ನೆರಳಿನಲ್ಲಿ ಗಾಳಿಗೆ ಹರಡಿ. ನೆತ್ತಿ ಬಿಸಿಲಿಗೆ ಹಾಕಿದರೆ ಜೀವಸತ್ವ ಹಾಳಾಗುತ್ತದೆ. ದಿನಕ್ಕೆ ಎರಡು ಸಲ ಕೈಯಾಡಿಸಿ. ಹಿಡಿದರೆ ಗರಿಗರಿ ಪುಡಿಯಾಗಬೇಕು, ಅಲ್ಲಿವರೆಗೆ ಒಣಗಲಿ. ಆಮೇಲೆ ಪುಡಿ ಮಾಡಿ ಜರಡಿ ಹಿಡಿದು, ಗಾಳಿಯಾಡದ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅರೆ ಒಣಗಿದ ಸೊಪ್ಪಿಗೆ ಬೂಷ್ಟು ಬರುತ್ತದೆ.

ಬೂಷ್ಟನ್ನು ಹಗುರವಾಗಿ ತಿಳಿಯಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ಮೆಕ್ಕೆಜೋಳ ಕೊಯ್ಯುವ ಹೊತ್ತಿಗೆ ಹಿಂಗಾರು ಮಳೆ ಬರುತ್ತದೆ, ರಸ್ತೆ ಮೇಲೆ ಹರಡುತ್ತೇವೆ, ಹಸಿಯಾಗಿಯೇ ಚೀಲ ಕಟ್ಟುತ್ತೇವೆ. ತೇವ ನೂರಕ್ಕೆ ಹದಿಮೂರು, ಹದಿನಾಲ್ಕಕ್ಕಿಂತ ಮೇಲಿದ್ದರೆ ಆ ವಿಷ ಅಲ್ಲೇ ಹುಟ್ಟುತ್ತದೆ. ಅಂಥ ಜೋಳ ತಿನ್ನಿಸಿ, ಮೇಲೆ ನೆಲನೆಲ್ಲಿ ಪುಡಿ ಹಾಕಿದರೆ ಯಕೃತ್ತು ಉಳಿಯುತ್ತದೆ ಅನ್ನುವುದು ಭ್ರಮೆ. ಮೊದಲು ಜೋಳ ಒಣಗಿಸಿ. ಸೊಪ್ಪು ಆಮೇಲಿನ ಮಾತು.

ಪ್ರಮಾಣ: ನೂರು ಕಿಲೋ ಫೀಡಿಗೆ ಅರ್ಧ ಕಿಲೋ ಪುಡಿಯಿಂದ ಶುರು ಮಾಡಿ. ಒಂದು ಕಿಲೋ ದಾಟಬೇಡಿ. ಮೊದಲ ವಾರ ಬೇಡ, ಮರಿಯ ಕರುಳು ಎಳಸು. ಅರ್ಧ ಕಿಲೋ ಪುಡಿಯನ್ನು ಒಂದೇ ಸಲ ರಾಶಿಗೆ ಎಸೆದರೆ ಒಂದು ಕೋಳಿಗೆ ಹಿಡಿ, ಇನ್ನೊಂದಕ್ಕೆ ಧೂಳು. ಮೊದಲು ಐದು ಕಿಲೋ ಫೀಡಿಗೆ ಬೆರೆಸಿ, ಅದನ್ನು ಇಪ್ಪತ್ತೈದಕ್ಕೆ, ಆಮೇಲೆ ನೂರಕ್ಕೆ ಬೆರೆಸಿ.

ಲಸಿಕೆಯ ಮಾತು ಮರೆಯಬೇಡಿ. ಕೊಕ್ಕರೆ ರೋಗಕ್ಕೆ, ಗಂಬೊರೊ ರೋಗಕ್ಕೆ ಲಸಿಕೆಯೇ ರಕ್ಷಣೆ. ಯಾವ ಸೊಪ್ಪೂ ಅದರ ಜಾಗಕ್ಕೆ ಬಾರದು. ಹೊಟ್ಟು ಒದ್ದೆಯಾಗಿ ರಕ್ತಭೇದಿ ಶುರುವಾದರೆ ತುಳಸಿ ಹುಡುಕುತ್ತ ಕೂರಬೇಡಿ, ಡಾಕ್ಟರನ್ನು ಕರೆಯಿರಿ. ಕೊಟ್ಟ ಔಷಧಿಯನ್ನು ಮಾರುವುದಕ್ಕೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನೂ ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಲೆಕ್ಕ

ಸಾವಿರ ಕೋಳಿ ಇಟ್ಟುಕೊಳ್ಳೋಣ. ಎರಡು ಕಿಲೋ ಕೋಳಿಗೆ 1.7ರ ಲೆಕ್ಕದಲ್ಲಿ 3 ಕಿಲೋ 400 ಗ್ರಾಂ ಫೀಡು. ಕಿಲೋಗೆ 40 ರೂಪಾಯಿ ಹಿಡಿದರೆ ಕೋಳಿಗೆ 136 ರೂಪಾಯಿ. ನೂರಕ್ಕೆ ಅರ್ಧದಂತೆ ಸೊಪ್ಪು ಕೋಳಿಗೆ 17 ಗ್ರಾಂ, ಸಾವಿರಕ್ಕೆ 17 ಕಿಲೋ ಪುಡಿ. ಐದು ಕಿಲೋ ಹಸಿ ಎಲೆಗೆ ಒಂದು ಕಿಲೋ ಪುಡಿ ಅಂತ ಹಿಡಿಯಿರಿ, 85 ಕಿಲೋ ಹಸಿ ಎಲೆ ಬೇಕು. ಬಿಡಿಸಲು, ಒಣಗಿಸಲು ನಾಲ್ಕು ಆಳು, 500ರಂತೆ 2,000. ಪುಡಿ ಮಾಡಿಸಲು 200. ಒಟ್ಟು ಖರ್ಚು 2,200.

ಕೋಳಿ ಚೆನ್ನಾಗಿ ಅರಗಿಸಿಕೊಂಡು 1.7 ಇದ್ದದ್ದು 1.65ಕ್ಕೆ ಇಳಿಯಿತು ಅನ್ನೋಣ. ಕೋಳಿಗೆ 100 ಗ್ರಾಂ ಫೀಡು ಉಳಿಯಿತು, ಸಾವಿರಕ್ಕೆ 100 ಕಿಲೋ, 4,000 ರೂಪಾಯಿ. ಖರ್ಚು ಕಳೆದು 1,800 ಉಳಿಯಿತು. ಇಳಿಯದೇ ಹೋದರೆ? 2,200 ಕೈಬಿಟ್ಟಿತು. ಮನೆಯವರೇ ದುಡಿದರೆ ಕೂಲಿ ಇಲ್ಲ ಅನ್ನಬೇಡಿ. ನಮ್ಮ ಹೆಂಗಸರ ದುಡಿಮೆಗೆ ಬೆಲೆಯಿಲ್ಲ ಅಂತ ನಾವೇ ಲೆಕ್ಕ ಬರೆದರೆ, ನಮ್ಮ ದುಡಿಮೆಗೆ ಬೆಲೆಯಿಲ್ಲ ಅಂತ ಸರ್ಕಾರ ಬರೆಯುವುದು ತಪ್ಪೇ?

ಆದ್ದರಿಂದ ಯಾರ ಮಾತನ್ನೂ ನಂಬಬೇಡಿ, ನನ್ನ ಮಾತನ್ನೂ. ನಿಮ್ಮ ಶೆಡ್ಡಿನಲ್ಲೇ ನೋಡಿ. ಒಂದೇ ದಿನ ಬಂದ ಮರಿಗಳಲ್ಲಿ ನೂರು ಈ ಕಡೆ, ನೂರು ಆ ಕಡೆ, ನಡುವೆ ಜಾಲರಿ. ಆರಿಸಿ ಇಡಬೇಡಿ, ಕೈಗೆ ಸಿಕ್ಕ ಹಾಗೆ ಇಡಿ. ಒಂದು ಕಡೆಗೆ ಸೊಪ್ಪು, ಇನ್ನೊಂದು ಕಡೆಗೆ ಬೇಡ. ಉಳಿದದ್ದೆಲ್ಲ ಒಂದೇ: ಅದೇ ಫೀಡು, ಅದೇ ನೀರು, ಅದೇ ಲಸಿಕೆ. ಹಾಕಿದ ಫೀಡು ತೂಗಿ ಬರೆಯಿರಿ, ವಾರಕ್ಕೊಮ್ಮೆ ಕೋಳಿ ತೂಗಿ ಬರೆಯಿರಿ, ಸತ್ತದ್ದನ್ನು ಬರೆಯಿರಿ. ಒಂದು ಬ್ಯಾಚಿನಲ್ಲಿ ಗೆದ್ದರೆ ಕುಣಿಯಬೇಡಿ, ಮೂರು ಬ್ಯಾಚು ನೋಡಿ. ಊರಿಗೆ ನಾಲ್ಕು ಜನ ಹೀಗೆ ಪುಸ್ತಕ ಇಟ್ಟರೆ ಆ ಪುಸ್ತಕ ಹಿಡಿದು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಮೆಟ್ಟಿಲು ಹತ್ತಬಹುದು. ನಮ್ಮ ತೆರಿಗೆಯಲ್ಲಿ ನಡೆಯುವ ಕಾಲೇಜು ಅದು. ನಮ್ಮ ಬದುವಿನ ಸೊಪ್ಪನ್ನು ಪರೀಕ್ಷೆ ಮಾಡಿಕೊಡಿ ಅಂತ ಕೇಳುವುದು ನಮ್ಮ ಹಕ್ಕು.

ಉಳಿದ ನಾಲ್ಕು ರೂಪಾಯಿ ಯಾರದು?

ಇಲ್ಲಿಯವರೆಗೆ ಹೇಳಿದ್ದು ಸ್ವಂತಕ್ಕೆ ಕೋಳಿ ಸಾಕುವವರ ಮಾತು. ಕಂಪನಿಯ ಕರಾರಿನ ಮೇಲೆ ಸಾಕುವವರ ಕಥೆಯೇ ಬೇರೆ.

ಕರಾರಿನಲ್ಲಿ ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿ ಕಂಪನಿಯದು. ನಿಮ್ಮದು ಶೆಡ್ಡು, ಕರೆಂಟು, ಹೊಟ್ಟು, ನೀರು, ಹಗಲು ರಾತ್ರಿಯ ದುಡಿಮೆ, ಮತ್ತು ಬ್ಯಾಂಕಿನ ಸಾಲ. ನೀವು ಸೊಪ್ಪು ಹಾಕಿ ಕೋಳಿಗೆ ನೂರು ಗ್ರಾಂ ಫೀಡು ಉಳಿಸಿದಿರಿ ಅನ್ನೋಣ. ಉಳಿದ ನಾಲ್ಕು ರೂಪಾಯಿ ಮೊದಲು ಕಂಪನಿಯದು. ಅದರಲ್ಲಿ ನಿಮಗೆ ಬರುವ ಪಾಲು ಕರಾರಿನಲ್ಲಿ ಬರೆದಷ್ಟು ಮಾತ್ರ. ಆ ಕರಾರನ್ನು ಎಷ್ಟು ಜನ ಓದಿದ್ದೀರಿ? ಅದು ಯಾವ ಭಾಷೆಯಲ್ಲಿದೆ?

ಇನ್ನೊಂದು ಅಪಾಯ. ಹೇಳದೆ ಕೇಳದೆ ಸೊಪ್ಪು ಬೆರೆಸಿದಿರಿ, ಅದೇ ವಾರ ಬೇರೆ ಯಾವುದೋ ರೋಗ ಬಂದು ಕೋಳಿ ಸತ್ತವು ಅನ್ನೋಣ. ಸೂಪರ್‌ವೈಸರ್ ಬಂದು ಡಬ್ಬಿ ನೋಡಿದರೆ ತಪ್ಪು ಪೂರ್ತಿ ನಿಮ್ಮ ತಲೆಗೆ. ಆದ್ದರಿಂದ ಕರಾರಿನವರು ಗುಟ್ಟಾಗಿ ಮಾಡಬೇಡಿ. ಕಾಗದದಲ್ಲಿ ಬರೆದು ಕೇಳಿ. ಒಪ್ಪಿಗೆ ಕೊಟ್ಟರೆ ಕಾಗದದಲ್ಲೇ ಕೊಡಲಿ, ಉಳಿತಾಯದಲ್ಲಿ ನಮ್ಮ ಪಾಲೆಷ್ಟು ಅನ್ನುವುದೂ ಅದರಲ್ಲೇ ಇರಲಿ. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅಂತ ಗಾದೆ. ಕೋಳಿಯನ್ನು ಕೇಳುವುದಿಲ್ಲ, ಸರಿ. ಕೋಳಿ ಸಾಕಿದವನನ್ನಾದರೂ ಕೇಳಬೇಡವೇ?

ಸಾಲದ ಮಾತಿಗೆ ಬರೋಣ. ಐದು ಸಾವಿರ ಕೋಳಿಯ ಶೆಡ್ಡಿಗೆ ಹತ್ತು ಲಕ್ಷ ಸಾಲ ಇದೆ ಅನ್ನಿ, ನೂರಕ್ಕೆ ಹನ್ನೊಂದರ ಬಡ್ಡಿ. ವರ್ಷಕ್ಕೆ 1,10,000 ಬಡ್ಡಿಯೇ ಆಯಿತು. ಸೊಪ್ಪಿನಿಂದ ಸಾವಿರಕ್ಕೆ 1,800 ಉಳಿಯುವುದಾದರೆ ಐದು ಸಾವಿರಕ್ಕೆ 9,000. ವರ್ಷಕ್ಕೆ ಆರು ಬ್ಯಾಚು ಬಂದರೆ 54,000. ಎಲ್ಲಾ ಬ್ಯಾಚೂ ಗೆದ್ದರೆ, ಸ್ವಂತ ಕೋಳಿಯಾದರೆ, ಬಡ್ಡಿಯಲ್ಲಿ ಅರ್ಧಕ್ಕೆ ಆಯಿತು. ಅದೂ ಕಡಿಮೆಯಲ್ಲ. ಆದರೆ ಕಂಪನಿ ಎರಡು ಬ್ಯಾಚಿನ ನಡುವೆ ಶೆಡ್ಡು ಖಾಲಿ ಬಿಟ್ಟು ವರ್ಷಕ್ಕೆ ನಾಲ್ಕೇ ಬ್ಯಾಚು ಕೊಟ್ಟರೆ? ಬಡ್ಡಿ ಖಾಲಿ ಶೆಡ್ಡಿಗೂ ಓಡುತ್ತದೆ. 2020ರ ಆರಂಭದಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಹಬ್ಬಿ ದರ ನೆಲಕ್ಕೆ ಬಿತ್ತು. ನಮ್ಮ ರಾಜ್ಯದಲ್ಲೇ ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮುಚ್ಚಿದರು. ಆ ನಷ್ಟವನ್ನು ಯಾವ ಸೊಪ್ಪು ತುಂಬೀತು?

ಅದಕ್ಕೇ ಹೇಳುವುದು. ಸೊಪ್ಪು ಕೋಳಿಗೆ ಕಸುವು ಕೊಟ್ಟೀತು, ರೈತನಿಗೆ ಕಸುವು ಕೊಡುವುದು ಬೆಲೆ ಮತ್ತು ಕರಾರು. ಎರಡನ್ನೂ ಹಿಡಿಯಬೇಕು. ಕರಾರು ಕನ್ನಡದಲ್ಲಿ ಇರಲಿ, ಒಂದು ಪ್ರತಿ ನಮ್ಮ ಕೈಯಲ್ಲಿ ಇರಲಿ. ಫೀಡು ಇಳಿಸುವಾಗ, ಕೋಳಿ ಎತ್ತುವಾಗ ನಮ್ಮೆದುರು ತೂಕ ಆಗಲಿ. ಫೀಡಿನ ಗುಣದ ಮೇಲೆ ಅನುಮಾನ ಬಂದರೆ ಪರೀಕ್ಷೆ ಮಾಡಿಸುವ ಹಕ್ಕು ಇರಲಿ. ಚೀಲದೊಳಗೆ ಯಾವ ಆಂಟಿಬಯೋಟಿಕ್ ಇದೆ ಅಂತ ಚೀಲದ ಮೇಲೆ ಬರೆದಿರಲಿ. ಸಾಕಾಣಿಕೆ ಕೂಲಿ ಕರೆಂಟಿನ ದರ, ಹೊಟ್ಟಿನ ದರ ಏರಿದಂತೆ ಏರಲಿ. ಶೆಡ್ಡು ಖಾಲಿ ಇಟ್ಟ ದಿನಕ್ಕೆ ಪರಿಹಾರ ಬರಲಿ. ಇವನ್ನು ಒಬ್ಬೊಬ್ಬರೇ ಕೇಳಿದರೆ ಮುಂದಿನ ಬ್ಯಾಚಿನ ಮರಿ ಬರುವುದಿಲ್ಲ. ಊರಿನ ಶೆಡ್ಡುಗಳೆಲ್ಲ ಒಟ್ಟಾಗಿ ಕೇಳಿದರೆ ಕಂಪನಿ ಯಾರಿಗೆ ಮರಿ ಕೊಟ್ಟೀತು?

ಈ ಬೇಸಗೆಗೆ ಎರಡು ಕೆಲಸ ಮಾಡಿ. ಬದುವಿನ ಎತ್ತರದ ಜಾಗಕ್ಕೆ ನಾಲ್ಕು ನುಗ್ಗೆ ಗೂಟ ಊರಿ. ಪೆಟ್ಟಿಗೆಯಲ್ಲಿರುವ ಕರಾರಿನ ಕಾಗದ ತೆಗೆದು, ಓದಲು ಬರುವ ಮಕ್ಕಳಿಂದ ಒಂದು ಸಲ ಜೋರಾಗಿ ಓದಿಸಿ ಕೇಳಿ. ಸೊಪ್ಪಿನ ಪುಡಿ ಬೆರೆಸುವುದೋ ಬಿಡುವುದೋ ಅನ್ನುವುದನ್ನು ನಿಮ್ಮ ತಕ್ಕಡಿ ಹೇಳುತ್ತದೆ. ಕಾಗದದಲ್ಲಿ ಕೇಳಿಸಿಕೊಂಡದ್ದನ್ನು ಮುಂದಿನ ಸಭೆಗೆ ತನ್ನಿ, ಕೂತು ಮಾತಾಡೋಣ.